ತಿಗರಿ ಇಲ್ಲದೆ ಎದ್ದ ಕೊಡ



‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಮಣ್ಣಿನ ಕೆಲಸದ ಈ ಕಷ್ಟವನ್ನು ಬಲ್ಲ ಒಬ್ಬ ಕಲಾವಿದೆಯ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ಮ್ಯಾಗ್ಡಲೀನ್ ಒಡುಂಡೊ. ಹುಟ್ಟಿದ್ದು 1950ರಲ್ಲಿ, ಆಫ್ರಿಕಾದ ಕೀನ್ಯಾ ದೇಶದ ನೈರೋಬಿಯಲ್ಲಿ. ಬಾಲ್ಯದ ಓದು ಸ್ವಲ್ಪ ಅಲ್ಲಿ, ಸ್ವಲ್ಪ ನಮ್ಮ ಭಾರತದಲ್ಲಿ. ಜಾಹೀರಾತಿನ ಚಿತ್ರಕಲೆ ಕಲಿತು 1971ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಕಲಾಶಾಲೆಯಲ್ಲಿ ಓದುವಾಗ ಜೇಡಿಮಣ್ಣು ಕೈಗೆ ಹತ್ತಿತು. ಹತ್ತಿದ್ದು ಮತ್ತೆ ಬಿಡಲಿಲ್ಲ.

ಕಲಿಯಲೆಂದು ಸಮುದ್ರ ದಾಟಿ ಹೋದ ಈ ಹುಡುಗಿಗೆ ಅಲ್ಲಿನ ಹಿರಿಯ ಕುಂಬಾರ ಮೈಕೆಲ್ ಕಾರ್ಡ್ಯೂ ಏನು ಹೇಳಿದರು ಗೊತ್ತೇ? ‘ಆಫ್ರಿಕಾಕ್ಕೇ ಹೋಗಿ ಕಲಿ’ ಎಂಬ ಸಲಹೆ ಕೊಟ್ಟರು. ಅದರಂತೆ 1974ರಲ್ಲಿ ಒಡುಂಡೊ ನೈಜೀರಿಯಾದ ಅಬುಜಾ ಎಂಬ ಊರಿಗೆ ಹೋದರು. ಆ ಊರಿಗೆ ಈಗ ಸುಲೇಜಾ ಎಂದು ಹೆಸರು. ಅಲ್ಲಿ ಕಾರ್ಡ್ಯೂ ಅವರೇ ಹಿಂದೆ ಕಟ್ಟಿದ್ದ ಕುಂಬಾರಿಕೆಯ ಶಾಲೆಯಿತ್ತು. ಅಲ್ಲಿದ್ದ ದೊಡ್ಡ ಗುರು ಲಾಡಿ ಕ್ವಾಲಿ ಎಂಬ ಹಳ್ಳಿಯ ಹೆಣ್ಣುಮಗಳು.

ಲಾಡಿ ಕ್ವಾಲಿ ಮಡಕೆ ಮಾಡುವುದನ್ನು ಕಲಿತದ್ದು ಚಿಕ್ಕಂದಿನಲ್ಲಿ, ತಮ್ಮ ಸೋದರತ್ತೆಯ ಬಳಿ. ನಮ್ಮಲ್ಲಿ ಕುಂಬಾರ ಕೂತಿರುತ್ತಾನೆ, ತಿಗರಿ ತಿರುಗುತ್ತದೆ. ಅವರ ಕಡೆ ತಿಗರಿಯೇ ಇಲ್ಲ. ಮಡಕೆ ನಿಂತಲ್ಲೇ ನಿಂತಿರುತ್ತದೆ, ಮಾಡುವವಳು ಅದರ ಸುತ್ತ ತಿರುಗುತ್ತಾಳೆ! ಬಾಗಿದ ಬೆನ್ನಿನಲ್ಲೇ ಸುತ್ತು ಹಾಕುತ್ತ, ಮಣ್ಣಿನ ಸುರುಳಿಯ ಮೇಲೆ ಸುರುಳಿ ಇಟ್ಟು, ನೀರು ತುಂಬುವ ದೊಡ್ಡ ಕೊಡವನ್ನು ಎಬ್ಬಿಸುತ್ತಾಳೆ. 1977ರಲ್ಲಿ ಅಹ್ಮದು ಬೆಲ್ಲೊ ವಿಶ್ವವಿದ್ಯಾನಿಲಯ ಈ ತಾಯಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2007ರಲ್ಲಿ ಬಂದ ನೈಜೀರಿಯಾದ 20 ನೈರಾ ನೋಟಿನ ಹಿಂಬದಿಯಲ್ಲಿ ಆಕೆ ಮಡಕೆ ಮಾಡುತ್ತಿರುವ ಚಿತ್ರವಿದೆ. ಮಡಕೆ ಮಾಡುವ ಹೆಂಗಸಿನ ಚಿತ್ರ ದೇಶದ ನೋಟಿನ ಮೇಲೆ! ಸ್ವಲ್ಪ ಯೋಚಿಸಿ ನೋಡಿ.

ಒಡುಂಡೊ ಇಂಥವರಿಂದ ಕಲಿತು ಇಂಗ್ಲೆಂಡಿಗೆ ಮರಳಿದರು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಮೂಲನಿವಾಸಿ ಹೆಂಗಸರು ಮಾಡುವ ಹೊಳೆಯುವ ಕರಿ ಮಡಕೆಗಳನ್ನೂ ಹೋಗಿ ನೋಡಿದರು. 1982ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪದವಿ ಬಂದರೂ ತಿಗರಿಗೆ ಹೋಗಲಿಲ್ಲ. ಇಂದಿಗೂ ಹೆಸರಾಗಿರುವುದು ಅವರ ಕೈಕಟ್ಟಿನ ಕೆಲಸವೇ.

ಅವರು ಕೆಲಸ ಮಾಡುವ ಬಗೆ ಹೀಗಿದೆ. ಮಣ್ಣಿನ ಮುದ್ದೆಯನ್ನು ಟೊಳ್ಳು ಮಾಡಿ ಮೇಲಕ್ಕೆ ಎಳೆಯುತ್ತಾರೆ, ಅದರ ಮೇಲೆ ಸುರುಳಿ ಸೇರಿಸುತ್ತಾರೆ. ಸೋರೆಬುರುಡೆಯ ಚೂರಿನಿಂದ ಕೆರೆದು ತೆಳುವಾಗಿಸುತ್ತಾರೆ. ನುಣುಪಾದ ಕಲ್ಲಿನಿಂದ ಉಜ್ಜಿ, ನಯವಾದ ಮಣ್ಣಿನ ತಿಳಿ ಬಳಿದು, ಮತ್ತೆ ಉಜ್ಜುತ್ತಾರೆ. ಆ ಹೊಳಪು ಬಂದದ್ದು ಕೈಯ ಶ್ರಮದಿಂದ. ಗಾಜಿನಂಥ ಲೇಪ ಅದಕ್ಕಿಲ್ಲ. ಚೆನ್ನಾಗಿ ಗಾಳಿಯಾಡುವ ಆವಿಗೆಯಲ್ಲಿ ಸುಟ್ಟರೆ ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಅದನ್ನೇ ಮರದ ಚೂರುಗಳ ಜೊತೆ ಮುಚ್ಚಿದ ಪಾತ್ರೆಯಲ್ಲಿಟ್ಟು, ಗಾಳಿ ಕಟ್ಟಿ ಮತ್ತೊಮ್ಮೆ ಸುಟ್ಟರೆ ಹೊಗೆ ಕುಡಿದು ಕಪ್ಪಾಗುತ್ತದೆ. ಮಣ್ಣು ಒಂದೇ, ಗಾಳಿ ಬಿಟ್ಟರೆ ಕೆಂಪು, ಕಟ್ಟಿದರೆ ಕಪ್ಪು. ವಾರಗಟ್ಟಲೆ ಕಟ್ಟಿದ್ದು ಬೆಂಕಿಯಲ್ಲಿ ಬಿರುಕು ಬಿಟ್ಟರೆ ಗಾದೆಯ ದೊಣ್ಣೆ ಬಿದ್ದಂತೆಯೇ ಸರಿ.

ಈ ವಿದ್ಯೆ ನಮಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದಾಗ ಕಲ್ಲುಗೋರಿಗಳಲ್ಲಿ ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ನಮ್ಮ ನೆಲದ ಕುಂಬಾರರು ಗಾಳಿಯನ್ನು ಬಿಟ್ಟು, ಕಟ್ಟಿ, ಒಂದೇ ಮಡಕೆಗೆ ಎರಡು ಬಣ್ಣ ತರಬಲ್ಲವರಾಗಿದ್ದರು.

ಒಡುಂಡೊ ಅವರ ಪಾತ್ರೆಗಳಲ್ಲಿ ಯಾರೂ ನೀರು ತುಂಬುವುದಿಲ್ಲ. ಅವು ಶಿಲ್ಪಗಳು. ನೀಳವಾದ ಕಂಠ, ಒಂದು ಬದಿಗೆ ವಾಲಿದ ಬಾಯಿ, ಬಸುರಿಯ ಹಾಗೆ ತುಂಬಿದ ಹೊಟ್ಟೆ. ನಾವು ಕೂಡ ಕೊಡಕ್ಕೆ ಬಾಯಿ, ಕಂಠ, ಹೊಟ್ಟೆ ಎಂದೇ ಅನ್ನುತ್ತೇವಲ್ಲ! ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. 2018ರಲ್ಲಿ ಒಡುಂಡೊ ಇಂಗ್ಲೆಂಡಿನ ಒಂದು ಕಲಾ ವಿಶ್ವವಿದ್ಯಾನಿಲಯದ ಕುಲಪತಿಯಾದರು. 2020ರಲ್ಲಿ ಅವರಿಗೆ ‘ಡೇಮ್’ ಎಂಬ ಬಿರುದು ಬಂತು.

ಬಂಧುಗಳೇ, ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡುವ ಗಡಿನಾಡಿನವರು ನಾವು. ಮನೆಯದು ಸಣ್ಣದು, ಹೊರಗಿನದು ದೊಡ್ಡದು ಎಂಬ ಅಳುಕು ನಮ್ಮ ಮಕ್ಕಳಿಗೆ ಬೇಗ ಹತ್ತುತ್ತದೆ. ಒಡುಂಡೊ ಎರಡೂ ಕಡೆ ಕಲಿತರು. ಆದರೆ ಅವರ ಕೈ ನಿಂತದ್ದು ಹಳ್ಳಿಯ ಹೆಂಗಸರ ವಿದ್ಯೆಯ ಮೇಲೆ. ಆ ವಿದ್ಯೆ ಉಳಿದದ್ದು ಒಬ್ಬ ಸೋದರತ್ತೆ ಕಲಿಸಿದ್ದರಿಂದ, ಒಬ್ಬ ಹುಡುಗಿ ಪಕ್ಕದಲ್ಲಿ ಕೂತು ಕಲಿತದ್ದರಿಂದ.

ನಿಮ್ಮೂರಿನಲ್ಲೂ ಮಣ್ಣಿನ ಒಲೆ ಹಾಕಲು ಬಲ್ಲ ಅಜ್ಜಿ ಇರಬಹುದು, ಆವಿಗೆ ಹೊತ್ತಿಸುವ ಹದ ಗೊತ್ತಿರುವ ಹಿರಿಯರು ಇರಬಹುದು. ನಾಳೆ ಬಿಡುವು ಮಾಡಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಿ. ಮಕ್ಕಳ ಕೈಗೆ ಮಣ್ಣು ಮೆತ್ತಿದರೆ ಬೈಯಬೇಡಿ.