ಟಿಡಿಎಸ್ ಮೀಟರ್‌ಗೆ ಕಾಣದ ಸೀಸ: ನಿಮ್ಮ ಮನೆಯೊಳಗಿನ ಪೈಪ್ ಯಾವುದು?

ಯಲಹಂಕದಿಂದ ಮಾತಾಡ್ತಾ ಇದ್ದೀನಿ. ನಮ್ಮ ಕಡೆ ನೀರಿನ ವಿಷಯ ಬಂದ್ರೆ ಎರಡೇ ಪ್ರಶ್ನೆ. ಕಾವೇರಿ ಎಷ್ಟು ದಿನಕ್ಕೊಮ್ಮೆ ಬರುತ್ತೆ? ಟ್ಯಾಂಕರ್‌ಗೆ ಎಷ್ಟು ಕೊಟ್ರಿ? ಇವತ್ತು ಮೂರನೇದು ಕೇಳೋಣ. ಆ ನೀರು ನಿಮ್ಮ ಮನೆಯೊಳಗೆ ಯಾವ ಪೈಪ್‌ನಲ್ಲಿ ಹರಿಯುತ್ತೆ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಸೀಸ. ಅಂದ್ರೆ ಲೆಡ್. ನೀರಲ್ಲಿ ಇದ್ರೆ ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಮಕ್ಕಳ ಮಿದುಳಿಗೆ ಇದು ಮಾಡೋ ಹಾನಿ ಆಮೇಲೆ ಸರಿಹೋಗಲ್ಲ. ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ.

ಅಮೆರಿಕದ ಫ್ಲಿಂಟ್ ಊರಿನ ಕಥೆ ಕೇಳಿರ್ತೀರ. 2014ರಲ್ಲಿ ನೀರಿನ ಮೂಲ ಬದಲಾಯಿಸಿದ್ರು, ಆ ನೀರು ಹಳೇ ಪೈಪ್‌ಗಳನ್ನು ಕೊರೆದು ಸೀಸ ಮನೆಮನೆಗೆ ಬಂತು. ಅಲ್ಲಿ ರಸ್ತೆಯಿಂದ ಮನೆಗೆ ಬರೋ ಎಷ್ಟೋ ಪೈಪ್‌ಗಳೇ ಸೀಸದ್ದು. ಅವನ್ನೆಲ್ಲ ಹತ್ತು ವರ್ಷದಲ್ಲಿ ಕಿತ್ತುಹಾಕಬೇಕು ಅಂತ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ನಿಯಮ ತಂತು.

ನಮ್ಮ ಲೆಕ್ಕ ಬೇರೆ. ಹಳೇ ಕಾಲದ ಎರಕದ ಕಬ್ಬಿಣದ ಪೈಪ್‌ಗಳ ಜಾಯಿಂಟ್‌ಗೆ ಸೀಸ ಕಾಯಿಸಿ ಸುರೀತಿದ್ರು, ಅದು ನಿಜ. ಆದ್ರೆ ನಾವು ಮೊದಲು ನೋಡಬೇಕಾದ ಜಾಗ ರಸ್ತೆ ಅಲ್ಲ. ಸಂಪ್‌ನಿಂದ ಮೇಲಿನ ಟ್ಯಾಂಕ್, ಟ್ಯಾಂಕ್‌ನಿಂದ ಅಡುಗೆಮನೆ ನಲ್ಲಿ. ಪಿವಿಸಿ ಪೈಪ್ ತಯಾರಿಸುವಾಗ ಬಿಸಿಗೆ ಪ್ಲಾಸ್ಟಿಕ್ ಹಾಳಾಗದಿರಲಿ ಅಂತ ಸೀಸದ ಲವಣ ಸೇರಿಸೋದು ನಮ್ಮ ದೇಶದಲ್ಲಿ ಮಾಮೂಲಾಗಿತ್ತು, ಯಾಕಂದ್ರೆ ಅದು ಅಗ್ಗ. ಹಿತ್ತಾಳೆ ನಲ್ಲಿಯಲ್ಲೂ ಸ್ವಲ್ಪ ಸೀಸ ಇರಬಹುದು. ರಾತ್ರಿಯೆಲ್ಲ ನೀರು ನಿಂತಾಗ ಅದು ಚೂರುಚೂರೇ ನೀರಿಗೆ ಇಳಿಯುತ್ತೆ.

2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದರ ಬಗ್ಗೆ ಆದೇಶ ಕೊಡ್ತು. 2021ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪಿವಿಸಿ ಪೈಪ್‌ನಲ್ಲಿನ ಸೀಸದ ಬಗ್ಗೆ ನಿಯಮ ಮಾಡಿತು. ಒಳ್ಳೇದೇ. ಆದ್ರೆ ಅದು ಹೊಸ ಪೈಪ್‌ಗೆ. ಅದಕ್ಕೂ ಮುಂಚೆ ನಿಮ್ಮ ಗೋಡೆಯೊಳಗೆ ಹೋದ ಪೈಪ್ ಅಲ್ಲೇ ಇದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ನಗರದ ಅಂಚಿನ 110 ಹಳ್ಳಿಗಳಿಗೆ ಹೊಸ ಲೈನ್ ಬಂತು. ಆ ಹೊಸ ಲೈನ್ ನೀರೂ ಕೊನೆಗೆ ಹಳೇ ಮನೆ ಪೈಪ್‌ನಲ್ಲೇ ಹರೀಬೇಕು. ಮೀಟರ್ ದಾಟಿದ ಮೇಲಿನ ಪೈಪ್ ಜಲಮಂಡಳಿದಲ್ಲ, ಮನೆ ಮಾಲೀಕರದ್ದು.

"ನಮ್ಮನೇಲಿ ಟಿಡಿಎಸ್ ಚೆಕ್ ಮಾಡಿದ್ದಾರೆ" ಅಂತೀರಾ? ನಾನು ಬಿಕಾಂ, ಲೆಕ್ಕದಲ್ಲೇ ಹೇಳ್ತೀನಿ. ಭಾರತೀಯ ಮಾನಕದ ಪ್ರಕಾರ ಕುಡಿಯೋ ನೀರಲ್ಲಿ ಸೀಸದ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ. ನಿಮ್ಮ ನೀರಿನ ಟಿಡಿಎಸ್ 300 ಅಂದುಕೊಳ್ಳಿ. ಸೀಸ ಮಿತಿಗಿಂತ ಹತ್ತು ಪಟ್ಟು ಸೇರಿದ್ರೂ ಅದು 300.1. ಮೀಟರ್‌ಗೆ ಗೊತ್ತೇ ಆಗಲ್ಲ. ಕುದಿಸಿದ್ರೂ ಸೀಸ ಹೋಗಲ್ಲ, ನೀರು ಆವಿಯಾಗಿ ಸೀಸ ಉಳಿಯುತ್ತೆ. ಸರಿಯಾಗಿ ಸರ್ವೀಸ್ ಮಾಡಿಸಿರೋ ಆರ್‌ಓ ಬಹುಪಾಲು ತೆಗೆಯುತ್ತೆ. ಆದ್ರೆ ಅನ್ನಕ್ಕೆ, ಸಾರಿಗೆ ಇಡೋ ನೀರು ಎಷ್ಟು ಮನೇಲಿ ನೇರ ನಲ್ಲಿಯಿಂದಲೇ ಹೋಗುತ್ತೆ ನೋಡಿ.

ಹಾಗಂತ ಎಲ್ಲಾ ಹಳೇ ಪೈಪೂ ವಿಷ ಅಂತಲ್ಲ. ಪರೀಕ್ಷೆ ಮಾಡಿಸಿದ್ರೆ ಮಾತ್ರ ಗೊತ್ತಾಗೋದು. ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್‌ನಲ್ಲಿ "ಸೀಸದ ಪರೀಕ್ಷೆ" ಅಂತಲೇ ಹೆಸರು ಹೇಳಿ ಕೇಳಿ. ಎರಡು ಬಾಟಲಿ ಕೊಡಿ: ಬೆಳಿಗ್ಗೆ ನಲ್ಲಿ ತಿರುಗಿಸಿದ ತಕ್ಷಣದ್ದು ಒಂದು, ಐದು ನಿಮಿಷ ಬಿಟ್ಟ ಮೇಲಿನದ್ದು ಒಂದು. ಮೊದಲನೇದರಲ್ಲಿ ಜಾಸ್ತಿ, ಎರಡನೇದರಲ್ಲಿ ಕಮ್ಮಿ ಬಂದ್ರೆ ಸಮಸ್ಯೆ ನಿಮ್ಮ ಮನೆ ಪೈಪ್ ಅಥವಾ ನಲ್ಲಿಯದ್ದೇ. ಅಲ್ಲೀವರೆಗೆ ಬೆಳಗಿನ ಮೊದಲ ನೀರು ಬಕೆಟ್‌ಗೆ ಹಿಡಿದು ನೆಲ ಒರೆಸೋಕೆ ಬಳಸಿ. ಗೀಸರ್ ನೀರು ಅಡುಗೆಗೆ ಬೇಡ.

ಕಷ್ಟ ಇರೋದು ಬಾಡಿಗೆ ಮನೇಲಿ. ಪೈಪ್ ಬದಲಾಯಿಸೋ ದುಡ್ಡು ಮಾಲೀಕರದ್ದು, ನೀರು ಕುಡಿಯೋದು ಬಾಡಿಗೆಯವರ ಮಗು. ಹನ್ನೊಂದು ತಿಂಗಳ ಅಗ್ರಿಮೆಂಟ್‌ನಲ್ಲಿ ಪೈಪ್ ಬಗ್ಗೆ ಒಂದು ಸಾಲೂ ಇರಲ್ಲ. ಅದಕ್ಕೆ ಇಡೀ ಮನೆ ಒಡೆಸಿ ಅಂತ ಕೇಳಬೇಡಿ. ಲ್ಯಾಬ್ ರಿಪೋರ್ಟ್ ತೋರಿಸಿ, ಅಡುಗೆಮನೆಗೆ ಬರೋ ಒಂದು ಲೈನ್, ಒಂದು ನಲ್ಲಿ ಬದಲಾಯಿಸಿ ಕೊಡಿ ಅನ್ನಿ. ಪೈಪ್ ತರುವಾಗ ಐಎಸ್‌ಐ ಗುರುತು, ಲೆಡ್ ಫ್ರೀ ಅಂತ ಬರೆದಿದೆಯಾ ನೋಡಿ, ಬಿಲ್ ಇಟ್ಕೊಳ್ಳಿ. ಅಪಾರ್ಟ್‌ಮೆಂಟ್ ಆದ್ರೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎತ್ತಿ, ಹಂಚಿಕೊಂಡ್ರೆ ಖರ್ಚು ಕಮ್ಮಿ.

ಇದು ಆಗದ ಕೆಲಸ ಅಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ ಎಚ್ಚರಿಸಿದ್ರು. 2000ದಲ್ಲಿ ದೇಶದ ಪೆಟ್ರೋಲ್‌ನಿಂದ ಸೀಸ ಹೋಯ್ತು. ಈಗ ಪೈಪ್ ಸರದಿ.

ನಿಮ್ಮ ಬಿಲ್ಡಿಂಗ್ ಯಾವ ವರ್ಷದ್ದು, ಪೈಪ್ ಯಾವುದು ಅಂತ ಇವತ್ತೇ ಮಾಲೀಕರನ್ನ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.