ಪರದೆಯ ಎಚ್ಚರಿಕೆ
ಆಸ್ಪತ್ರೆಯ ಕಂಪ್ಯೂಟರಿನಲ್ಲಿ ವೈದ್ಯರು ಔಷಧಿ ಬರೆಯುವಾಗ, ಈ ರೋಗಿಗೆ ಪೆನಿಸಿಲಿನ್ ಆಗಿಬರುವುದಿಲ್ಲವೆಂದು ಪರದೆ ಎಚ್ಚರಿಸುತ್ತದೆ. ಆ ಎಚ್ಚರಿಕೆ ಯಾವಾಗ ಬರಬೇಕು, ಯಾವಾಗ ಬರಬಾರದು ಎಂದು ವೈದ್ಯರು, ದಾದಿಯರು, ಫಾರ್ಮಸಿಸ್ಟರ ಜೊತೆ ಕೂತು ರೂಪಿಸುವವರು ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್ ಅನಲಿಸ್ಟರು. ಬರಬಾರದ್ದನ್ನು ತಡೆಯುವುದೇ ಹೆಚ್ಚು ಕಷ್ಟ. ಸಣ್ಣಪುಟ್ಟದ್ದಕ್ಕೆಲ್ಲ ಎಚ್ಚರಿಕೆ ಮೂಡಿದರೆ, ದಣಿದ ವೈದ್ಯರು ಓದದೆಯೇ ಒತ್ತಿ ಮುಂದೆ ಹೋಗುತ್ತಾರೆ. ನಿಜವಾದ ಅಪಾಯವೂ ಆ ರಾಶಿಯೊಳಗೆ ಹೂತುಹೋಗುತ್ತದೆ. ಇದಕ್ಕೆ ವೈದ್ಯರನ್ನು ದೂರುವುದು ತಪ್ಪೆಂದೇ ನನ್ನ ಅಭಿಪ್ರಾಯ. ರಾತ್ರಿಪಾಳಿಯ ದಾದಿಯ ಪಕ್ಕದಲ್ಲಿ ನಿಂತು ನೋಡದೆ ಎಚ್ಚರಿಕೆ ರೂಪಿಸುವ ಈ ಕೆಲಸ ಕಲಿಯಲಾಗದು. ಎಚ್ಚರಿಕೆ ಸರಿಯಾಗಿ ಬರಲು ರೋಗಿಯ ಹಳೆಯ ದಾಖಲೆಯೂ ಸಿಗಬೇಕು. 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಆಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆಯ ಮೂಲಕ, ನಮ್ಮ ಒಪ್ಪಿಗೆ ಪಡೆದು ಆರೋಗ್ಯ ದಾಖಲೆಗಳನ್ನು ಜೋಡಿಸುತ್ತಿದೆ. ಆದರೂ ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ನಿಮಗೆ ಆಗದ ಔಷಧಿಯ ಹೆಸರನ್ನು ಅಲ್ಲಿಯವರು ಕೇಳುವ ಮೊದಲೇ ಹೇಳಿ, ದಾಖಲೆಯಲ್ಲಿ ಬರೆಸಿ.