ಹೂವಿನ ಪಾಠ ಎಲ್ಲಿ ಮಾಡಬೇಕು?

(ಸಂಘದ ವಾರ್ಷಿಕ ಶಿಕ್ಷಕರ ಸಮಾವೇಶದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಬಗ್ಗೆ ದೊಡ್ಡ ದೊಡ್ಡ ಮಾತುಗಳನ್ನು ಬೆಳಗ್ಗಿನಿಂದ ಕೇಳಿದ್ದೀರಿ. ನಾನು ಒಂದೇ ಒಂದು ಪಾಠದ ಬಗ್ಗೆ ಮಾತನಾಡುತ್ತೇನೆ. ಹೂವಿನ ಭಾಗಗಳು ಮತ್ತು ಪರಾಗಸ್ಪರ್ಶ. ಆ ಪಾಠದಲ್ಲಿ ನಾನು ಮಾಡಿದ ತಪ್ಪಿನಿಂದಲೇ ಆರಂಭಿಸುತ್ತೇನೆ.

ನಾನು ಶಿಕ್ಷಕಿಯಾಗಿ ಸೇರಿದ ಹೊಸತು. ಏಳನೇ ತರಗತಿ. ಕಪ್ಪು ಹಲಗೆಯ ಮೇಲೆ ದಾಸವಾಳದ ಚಿತ್ರ ಬರೆದು ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ಬಾಣದ ಗುರುತು ಹಾಕಿದೆ. ಪರಾಗವು ಶಲಾಕಾಗ್ರಕ್ಕೆ ತಲುಪಿದ ಮೇಲೆ ಅಂಡಾಶಯವು ಕಾಯಿಯಾಗುತ್ತದೆ ಎಂದು ಹೇಳಿ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ನಮ್ಮ ಮನೆಯ ದಾಸವಾಳದಲ್ಲಿ ದಿನಾ ಹೂ ಅರಳುತ್ತದೆ. ಒಂದು ಕಾಯಿಯೂ ಆದದ್ದನ್ನು ನಾನು ನೋಡಿಲ್ಲ. ಯಾಕೆ?" ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ. ಆಮೇಲೆ ಆ ವರ್ಷವಿಡೀ ಅವಳು ಪ್ರಶ್ನೆ ಕೇಳಲಿಲ್ಲ.

ಅವಳು ನೋಡಿದ್ದು ಸರಿಯಾಗಿಯೇ ಇತ್ತು. ನಮ್ಮ ಅಂಗಳದ ದಾಸವಾಳ ಹೂವಿನ ಅಂದಕ್ಕಾಗಿ ತಲೆತಲಾಂತರದಿಂದ ಬೆರಕೆ ಮಾಡಿ ಬೆಳೆಸಿದ ಗಿಡ. ಅದು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಅದಕ್ಕೇ ನಾವೆಲ್ಲ ಗೆಲ್ಲು ಕಡಿದು ನೆಡುತ್ತೇವೆ, ಬೀಜ ಬಿತ್ತುವುದಿಲ್ಲ. ಹೂವಿನ ಭಾಗ ತೋರಿಸಲು ದಾಸವಾಳ ಒಳ್ಳೆಯದು, ನಿಜ. ದೊಡ್ಡ ಹೂ, ನಡುವಿನ ಕೊಳವೆಯ ಸುತ್ತ ಪರಾಗಕೋಶಗಳು, ತುದಿಯಲ್ಲಿ ಐದು ಚುಕ್ಕೆಯಂತಹ ಶಲಾಕಾಗ್ರಗಳು. ಆದರೆ ಹೂ ಕಾಯಿಯಾಗುವ ಪಾಠಕ್ಕೆ ಕಾಯಿ ಬಿಡದ ಗಿಡವನ್ನೇ ನಾವು ಆರಿಸಿಕೊಂಡಿದ್ದೇವೆ! ಅದರ ಹತ್ತಿರದ ನೆಂಟನಾದ ಬೆಂಡೆ ಹಿತ್ತಿಲಲ್ಲೇ ಇರುತ್ತದೆ. ಹೂವೂ ಹಾಗೆಯೇ, ಕಾಯಿಯೂ ಆಗುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ಗುರು ಸಿಹಿಕುಂಬಳದ ಬಳ್ಳಿ. ಅದರಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ದೊಡ್ಡ ಪುಟ್ಟ ಕುಂಬಳ ಮೊದಲೇ ಕುಳಿತಿರುತ್ತದೆ. ಅದೇ ಅಂಡಾಶಯ. ಹೂವಿನ ಪೋಡಿ ಮಾಡುವ ತಾಯಂದಿರಿಗೆ ಇದು ಗೊತ್ತು, ಅವರು ಗಂಡು ಹೂವನ್ನೇ ಕೀಳುತ್ತಾರೆ.

ಮಾಡಬೇಕಾದದ್ದು ಇಷ್ಟೇ. ನಾಳೆ ಅರಳಲಿರುವ ಮೊಗ್ಗಿನ ತುದಿ ಇಂದು ಸಂಜೆಯೇ ಹಳದಿಗೆ ತಿರುಗಿರುತ್ತದೆ. ಅಂತಹ ಎರಡು ಹೆಣ್ಣು ಮೊಗ್ಗು, ಒಂದು ಗಂಡು ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಜೇನುನೊಣ ಒಳಗೆ ಹೋಗದಂತೆ. ಮರುದಿನ ಬೆಳಗ್ಗೆ ಬೇಗ ಬನ್ನಿ, ಬಿಸಿಲೇರಿದರೆ ಹೂ ಮುದುಡುತ್ತದೆ. ಗಂಡು ಹೂವನ್ನು ಕಿತ್ತು ದಳ ತೆಗೆದು, ಅದರ ಕೇಸರವನ್ನು ಒಂದು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೆಲ್ಲಗೆ ಸವರಿ ಚೀಲವನ್ನು ಮತ್ತೆ ಕಟ್ಟಿ. ಇನ್ನೊಂದು ಹೆಣ್ಣು ಹೂವನ್ನು ಮುಟ್ಟಲೇಬೇಡಿ. ಎರಡಕ್ಕೂ ಬೇರೆ ಬೇರೆ ಬಣ್ಣದ ನೂಲಿರಲಿ. ಒಂದು ವಾರದೊಳಗೆ ಮುಟ್ಟದ ಹೂವಿನ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ, ಸವರಿದ್ದು ಊದಿಕೊಳ್ಳುತ್ತದೆ. ಆ ವಾರ ಮಕ್ಕಳು ಬೆಲ್ ಹೊಡೆಯುವ ಮೊದಲೇ ಶಾಲೆಗೆ ಓಡಿ ಬರುವುದನ್ನು ನಾನು ನೋಡಿದ್ದೇನೆ. ಒಮ್ಮೆ ಸವರಿದ ಕಾಯಿಯೂ ಉದುರಿತು. ಹಿಂದಿನ ರಾತ್ರಿ ಜೋರು ಮಳೆ ಬಂದು ಚೀಲವೆಲ್ಲ ಒದ್ದೆಯಾಗಿತ್ತು. ಅದಕ್ಕೆ ಕಾರಣವೇನಿರಬಹುದು ಎಂದು ಮಕ್ಕಳು ನಡೆಸಿದ ಚರ್ಚೆ ನಾನು ಮಾಡಿದ ಎಷ್ಟೋ ಪಾಠಗಳಿಗಿಂತ ಚೆನ್ನಾಗಿತ್ತು. ಬೆಳೆದ ಕುಂಬಳ ಕಡಿದಾಗ ಬೀಜ ಎಣಿಸಲು ಹೇಳಿ. ಒಂದೊಂದು ಬೀಜದ ಹಿಂದೆಯೂ ಪರಾಗದ ಒಂದೊಂದು ಕಣ ಇದೆ. ಆಮೇಲೆ ಕುಂಬಳ ಬಿಸಿಯೂಟದ ಸಾಂಬಾರಿಗೆ.

ಇಲ್ಲೊಂದು ವಿಷಯವನ್ನು ಬಿಚ್ಚಿ ಹೇಳಬೇಕು. ಹೆತ್ತವರ ಸಭೆಯೊಂದರಲ್ಲಿ ಒಬ್ಬ ತಂದೆ ಸಂಕೋಚದಿಂದಲೇ ಕೇಳಿದರು. "ಗಂಡು ಹೂ, ಹೆಣ್ಣು ಹೂ ಎಂದೆಲ್ಲ ಹೆಣ್ಣು ಮಕ್ಕಳಿಗೆ ಹೇಳಲೇಬೇಕಾ ಟೀಚರ್?" ಕೆಲವು ಶಿಕ್ಷಕರು ಸಹ ಈ ಪುಟಗಳನ್ನು 'ಮನೆಯಲ್ಲೇ ಓದಿಕೊಳ್ಳಿ' ಎಂದು ದಾಟಿಸಿಬಿಡುತ್ತಾರೆ. ನಾನು ಅವರನ್ನು ಕೇಳಿದೆ, "ನಿಮ್ಮ ಹಿತ್ತಿಲಲ್ಲಿ ಪಪ್ಪಾಯಿ ಗಿಡ ಇದೆಯಲ್ಲ, ಕಾಯಿ ಬಿಡದ್ದನ್ನು ಏನೆನ್ನುತ್ತೀರಿ?" "ಗಂಡು ಪಪ್ಪಾಯಿ" ಎಂದರು. ಪಕ್ಕದಲ್ಲಿದ್ದ ಅವರ ಮಗಳು ನಕ್ಕುಬಿಟ್ಟಳು.

ಖರ್ಜೂರದ ಮರವೂ ಹಾಗೆಯೇ, ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅರಬ್ ನಾಡಿನ ರೈತರು ಗಂಡು ಮರದ ಹೂಗೊಂಚಲಿನ ಎಳೆಗಳನ್ನು ತಂದು ಹೆಣ್ಣು ಮರದ ಹೂಗೊಂಚಲಿನಲ್ಲಿ ಇಡುತ್ತಾರೆ. ಮದೀನಾದ ಜನರು ಹೀಗೆ ಮಾಡುವುದನ್ನು ಪ್ರವಾದಿ(ಸ)ರವರು ಕಂಡ ಪ್ರಸಂಗ ಸಹೀಹ್ ಮುಸ್ಲಿಮ್‌ನ ಹದೀಸ್‌ಗಳಲ್ಲಿದೆ. ಇದರಿಂದ ಪ್ರಯೋಜನವಿದೆಯೆಂದು ತಮಗೆ ಅನಿಸುವುದಿಲ್ಲ ಎಂದು ಅವರು ಹೇಳಿದಾಗ ಜನ ಅದನ್ನು ಬಿಟ್ಟುಬಿಟ್ಟರು. ಆ ವರ್ಷ ಫಸಲು ಕೆಟ್ಟಿತು. ವಿಷಯ ತಿಳಿದಾಗ, ಇಂತಹ ಲೌಕಿಕ ವಿಷಯಗಳಲ್ಲಿ ನಿಮ್ಮ ತಿಳಿವಳಿಕೆಯಂತೆ ನಡೆಯಿರಿ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಹೇಳಿದರು. ಈ ಹದೀಸನ್ನು ವಿದ್ವಾಂಸರು ಬಹಳ ಚರ್ಚಿಸಿದ್ದಾರೆ, ಆ ಚರ್ಚೆ ನನ್ನ ಮಟ್ಟದ್ದಲ್ಲ. ಒಬ್ಬ ವಿಜ್ಞಾನ ಶಿಕ್ಷಕಿಯಾಗಿ ನನಗೆ ಕಾಣುವುದು ಎರಡೇ ಸಂಗತಿ. ಪರಾಗಸ್ಪರ್ಶದ ಮಾತು ಅಲ್ಲಿ ಯಾವ ಮುಜುಗರವೂ ಇಲ್ಲದೆ ನಡೆದಿದೆ. ಮತ್ತು ತೋಟದಲ್ಲಿ ಕೈಯಾರೆ ಕೆಲಸ ಮಾಡಿ ಕಂಡವನ ಮಾತಿಗೆ ಬೆಲೆ ಕೊಡಲಾಗಿದೆ. ನನ್ನ ತರಗತಿಯ ಆ ಹುಡುಗಿಯೂ ಕಣ್ಣಾರೆ ಕಂಡದ್ದನ್ನೇ ಹೇಳಿದ್ದಳು.

ವಿದ್ಯಾರ್ಥಿಗಳಿಗಾಗಿ ಇನ್ನೊಂದು ಕಥೆ. ಇದು ನಡೆದದ್ದೇ. ನಮ್ಮ ಕರಾವಳಿ, ಮಲೆನಾಡಿನಲ್ಲಿ 2003ರ ಸುಮಾರಿಗೆ ವೆನಿಲ್ಲಾಕ್ಕೆ ಚಿನ್ನದ ಬೆಲೆ ಬಂದದ್ದು, ಆಮೇಲೆ ಬೆಲೆ ಕುಸಿದು ಅನೇಕರು ಬಳ್ಳಿ ಕಿತ್ತದ್ದು ಹಿರಿಯರಿಗೆ ನೆನಪಿದೆ. ವೆನಿಲ್ಲಾ ಮೆಕ್ಸಿಕೋ ಕಡೆಯ ಬಳ್ಳಿ. 1820ರ ಸುಮಾರಿಗೆ ಫ್ರೆಂಚರು ಅದನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ನೆಟ್ಟರು. ಬಳ್ಳಿ ಹಬ್ಬಿತು, ಕೋಡು ಬಿಡಲಿಲ್ಲ. ಅದರ ಹೂವಿನಲ್ಲಿ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ಒಂದು ತೆಳು ಪರದೆ ಇದೆ. ಬೆಲ್ಜಿಯಂನ ವಿಜ್ಞಾನಿ ಶಾರ್ಲ್ ಮೊರೆನ್ 1836ರಲ್ಲಿ ಕೃತಕವಾಗಿ ಕಾಯಿ ಕಟ್ಟಿಸಿದ್ದರೂ ಆ ವಿಧಾನ ತೋಟಗಳಲ್ಲಿ ಬಳಕೆಗೆ ಬರಲಿಲ್ಲ. 1841ರಲ್ಲಿ ಆ ದ್ವೀಪದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿದ. ಕೋಡು ಬಂತು. ನಮ್ಮ ರೈತರು ಮಾಡಿದ್ದೂ ಇದೇ ಕೆಲಸ.

ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಯಜಮಾನ ಅವನನ್ನು ತೋಟದಲ್ಲಿ ಜೊತೆಗೆ ಸುತ್ತಾಡಿಸಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಸವರುವುದು ಹೇಗೆಂದು ಮೊದಲೇ ತೋರಿಸಿದ್ದ. ಯಾವ ಬಳ್ಳಿಯಲ್ಲಿ ಗೊತ್ತೇ? ನಮ್ಮ ಕುಂಬಳದ ಕುಟುಂಬದ್ದೇ ಒಂದು ಬಳ್ಳಿಯಲ್ಲಿ. ಆ ಹುಡುಗ ಕಲಿಸಿಕೊಟ್ಟ ಕೆಲಸದಿಂದ ದ್ವೀಪ ಶ್ರೀಮಂತವಾಯಿತು. 1848ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ ಸ್ವಾತಂತ್ರ್ಯ ಸಿಕ್ಕಿತು, ಆಲ್ಬಿಯಸ್ ಎಂಬ ಮನೆತನದ ಹೆಸರೂ ಸಿಕ್ಕಿತು. ಲಾಭದಲ್ಲಿ ಪಾಲು ಮಾತ್ರ ಸಿಗಲಿಲ್ಲ. 1880ರಲ್ಲಿ ಬಡವನಾಗಿಯೇ ಸತ್ತ.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನ ಚೀಲದಲ್ಲಿ ಕಾಗದದ ಪೊಟ್ಟಣಗಳಲ್ಲಿ ಕುಂಬಳದ ಬೀಜ ತಂದಿದ್ದೇನೆ. ಒಂದು ಶಾಲೆಗೆ ಒಂದು ಪೊಟ್ಟಣ. ಬಿತ್ತಿ ಸುಮಾರು ಒಂದೂವರೆ ತಿಂಗಳಿಗೆ ಹೂ ಬರುತ್ತದೆ. ಮೊದಲು ಬರುವುದೆಲ್ಲ ಗಂಡು ಹೂಗಳೇ, ಗಾಬರಿಯಾಗಿ ನನಗೆ ಫೋನ್ ಮಾಡಬೇಡಿ. ಹೆಣ್ಣು ಹೂ ಬಂದಾಗ ಮಾಡಿದರೆ ಸಾಕು.